ಗುರುವಿನ ಒಡೆತನ: ಕಗ್ಗೆರೆಯ ಶಿಷ್ಯಪರಂಪರೆಯ ವಚನಾಂಕಿತಗಳ ವಿಮರ್ಶೆ

ಗುರುವಾದವನು ಶಿಷ್ಯನನ್ನು ‘ನನ್ನವನು’ ಎಂದು ಹೇಳುವುದುಂಟು; ಶಿಷ್ಯನಾದವನು ಗುರುವನ್ನು ‘ಎನ್ನೊಡೆಯ’ ಎಂದು ಕರೆಯುವುದುಂಟು. ಲೋಕವ್ಯವಹಾರದಲ್ಲಿ ಹೊಲ, ಮನೆ, ದನಕರುಗಳ ವಿಷಯದಲ್ಲಿ ಬಳಕೆಯಾಗುವ ಈ ಸ್ವಾಮ್ಯವಾಚಕ ಶಬ್ದಗಳು ಅಧ್ಯಾತ್ಮಮಾರ್ಗದಲ್ಲಿ ಪ್ರಯುಕ್ತವಾದಾಗ ಯಾವ ಅರ್ಥವನ್ನು ಕೊಡುತ್ತವೆಂಬುದು ವಿಚಾರಾರ್ಹವಾದ ವಿಷಯ. ಶಿಷ್ಯನು ಗುರುವಿನ ಸೊತ್ತೆಂದೇ ಇದರ ತಾತ್ಪರ್ಯವಾದರೆ ಗುರುಭಕ್ತಿಯ ಸಾಹಿತ್ಯವೆಲ್ಲವೂ ದಾಸ್ಯದ ಸಾಹಿತ್ಯವಾಗಿ ಪರಿಣಮಿಸುವುದು. ಇದು ಕೇವಲ ಔಪಚಾರಿಕವಾದ ಮಾತು, ಅರ್ಥವೇನೂ ಇಲ್ಲವೆಂದರೆ ಆ ಸಾಹಿತ್ಯದ ಜೀವವೇ ಹೋದಂತಾಗುವುದು. ಈ ಎರಡು ಕೊನೆಗಳಿಗೂ ಸಿಕ್ಕದ ಮೂರನೆಯ ಅರ್ಥವೊಂದು ಕನ್ನಡದಲ್ಲಿಯೇ ಸಿದ್ಧವಾಗಿದೆ. ಅದಕ್ಕೆ ತಕ್ಕ ಪ್ರಮಾಣವು ತೋಂಟದ ಸಿದ್ಧಲಿಂಗಯತಿಗಳ ಹಾಗೂ ಅವರ ಶಿಷ್ಯವರ್ಗದ ವಚನಗಳಲ್ಲಿ, ವಿಶೇಷವಾಗಿ ಆ ವಚನಗಳ ಅಂಕಿತಗಳಲ್ಲಿ ದೊರೆಯುತ್ತದೆ.

ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ತೆಂಗಿನ ಸೀಮೆಯು ತೆಂಕಣಕ್ಕೆ ಸಾಗಿ ಕುಣಿಗಲು ತಾಲ್ಲೂಕನ್ನು ಮುಟ್ಟುವ ಕಡೆಯಲ್ಲಿ ಎಡೆಯೂರು, ಕಗ್ಗೆರೆ ಎಂಬ ಎರಡು ಊರುಗಳಿವೆ. ಎಡೆಯೂರಿನಲ್ಲಿ ಸಿದ್ಧಲಿಂಗಯತಿಗಳ ಗದ್ದುಗೆ ಇದೆ; ಕಗ್ಗೆರೆಯು ಅವರ ತಪೋಭೂಮಿ. ಹರದನಹಳ್ಳಿಯಲ್ಲಿ ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿ ಬೆಳೆದು, ದೇಶಸಂಚಾರವನ್ನು ಮಾಡಿದ ಈ ಯತಿಗಳಿಗೆ ‘ತೋಂಟದ’ ಎಂಬ ವಿಶೇಷಣ ಬಂದುದು ಕಗ್ಗೆರೆಯ ಒಂದು ತೋಟದಿಂದ. ಸಂಪ್ರದಾಯದ ಕಥೆಯಂತೆ ಆ ತೋಟವು ನಂಬಿಯಣ್ಣನೆಂಬ ಭಕ್ತನದು. ಗುರುವನ್ನು ತೋಟದಲ್ಲಿ ಬಿಜಯಂಗೆಯ್ಯಿಸಿ ಮನೆಗೆ ಹೋದ ನಂಬಿಯಣ್ಣನು ಆ ಮಾತನ್ನೇ ಮರೆತನು; ಹನ್ನೆರಡು ವರ್ಷಗಳ ಕಾಲ ಯತಿಗಳು ಅಲ್ಲಿಯೇ ಶಿವಯೋಗದಲ್ಲಿ ಕುಳಿತಿರಲು ಅವರ ಸುತ್ತಲೂ ಹುತ್ತವು ಬೆಳೆಯಿತು.

ಈ ಕಥೆಯಲ್ಲಿ ಪವಾಡದ ಅಂಶವನ್ನು ಒಪ್ಪುವುದೂ ಬಿಡುವುದೂ ವಾಚಕರ ಶ್ರದ್ಧೆಗೆ ಸೇರಿದ್ದು. ಸಾಹಿತ್ಯವಿಮರ್ಶೆಗೆ ಬೇಕಾದುದು ಬೇರೊಂದು ಅಂಶ. ತೋಟದ ಒಡೆತನವು ನಂಬಿಯಣ್ಣನದು. ಆದರೆ ತೋಟವು ಅಂಟಿಕೊಂಡುದು ಯತಿಗಳ ಹೆಸರಿಗೆ. ಅದನ್ನು ಕೊಂಡವರು ಅವರಲ್ಲ, ಬೇಡಿದವರೂ ಅವರಲ್ಲ, ‘ನನ್ನದು’ ಎಂದವರಂತೂ ಅಲ್ಲವೇ ಅಲ್ಲ. ಒಡೆಯನು ಮರೆತ ನೆಲವನ್ನು ಒಡೆತನವಿಲ್ಲದವನು ಬಿಡದೆ ಕಾದನು. ಆ ಕಾಯುವಿಕೆಯೇ ಅವನಿಗೆ ಹೆಸರಾಯಿತು. ಜನಮನಸ್ಸು ಈ ಹೆಸರನ್ನು ಇಟ್ಟಾಗ ಒಡೆತನದ ಒಂದು ಹೊಸ ಲಕ್ಷಣವನ್ನೇ ಸೂಚಿಸಿದಂತಾಯಿತು. ಈ ಲಕ್ಷಣವು ತೋಟಕ್ಕೆ ಮಾತ್ರವಲ್ಲದೆ ಶಿಷ್ಯರಿಗೂ ಅನ್ವಯಿಸುವುದೆ ಎಂಬುದೇ ಇಲ್ಲಿಯ ಪ್ರಶ್ನೆ.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಇದೆ. ವೀರಶೈವದಲ್ಲಿ ತನುವನ್ನು ಗುರುವಿಗೂ, ಮನವನ್ನು ಲಿಂಗಕ್ಕೂ, ಧನವನ್ನು ಜಂಗಮಕ್ಕೂ ಅರ್ಪಿಸಬೇಕೆಂಬ ಕಟ್ಟಳೆಯುಂಟಷ್ಟೆ. ತನುವನ್ನೇ ಅರ್ಪಿಸಿದ ಮೇಲೆ ಶಿಷ್ಯನಲ್ಲಿ ತನ್ನದೆಂಬುದು ಏನು ಉಳಿಯಿತು? ಮಠಾಧಿಪತಿಗಳಿಗೆ ‘ಒಡೆಯರು’ ಎಂಬ ಬಿರುದು ರೂಢವಾಗಿದೆ. ಕಗ್ಗೆರೆಯ ಪರಂಪರೆಗೆ ಸೇರಿದ ಶೂನ್ಯಸಂಪಾದನಕಾರನ ಹೆಸರೂ ಗೂಳೂರ ಸಿದ್ಧವೀರಣೊಡೆಯನೆಂದೇ ಪ್ರಸಿದ್ಧವಾಗಿದೆ. ‘ಒಡೆಯ’ನೂ ‘ಒಡವೆ’ಯೂ ಒಂದೇ ಧಾತುವಿನ ಮಕ್ಕಳು. ಆದುದರಿಂದ ಒಡೆಯನಿರುವಲ್ಲಿ ಒಡವೆಯೂ ಇರಬೇಕು. ಗುರುವು ಒಡೆಯನಾದರೆ ಶಿಷ್ಯನೇ ಒಡವೆಯೆಂಬುದು ತಪ್ಪದು. ಸಿದ್ಧಲಿಂಗಯತಿಗಳ ಸಂಗಡ ೭೦೧ ಮಂದಿ ವಿರಕ್ತರು ಸಂಚರಿಸುತ್ತಿದ್ದರೆಂದು ಹೇಳುವ ಸಂಪ್ರದಾಯವೂ ಈ ಸಂಖ್ಯೆಯನ್ನು ರಾಜನ ಆನೆಕುದುರೆಗಳ ಲೆಕ್ಕದಂತೆ ಎಣಿಸುತ್ತದೆ. ಪೂರ್ವಪಕ್ಷವು ಇಷ್ಟು.

ಇದಕ್ಕೆ ಸಮಾಧಾನವನ್ನು ಮೊದಲು ಶಾಸ್ತ್ರದಿಂದ ನೋಡಬಹುದು. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನದಾದುದೆಲ್ಲವನ್ನೂ ದಾನಮಾಡಬೇಕೆಂದು ವಿಧಿಯಿದೆ. ‘ನನ್ನ ತಂದೆ, ನನ್ನ ತಾಯಿ’ ಎನ್ನುವುದರಿಂದ ತಂದೆತಾಯಿಗಳನ್ನೂ ಕೊಡಬೇಕೋ ಎಂಬ ಸಂಶಯವನ್ನು ಜೈಮಿನಿಯು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ಎತ್ತಿಕೊಂಡು, ಕೂಡದೆಂದು ನಿರ್ಣಯಿಸಿದ್ದಾನೆ. ಅಲ್ಲಿಯೇ ಭೂಮಿಯು ಸರ್ವಸಾಧಾರಣವಾದುದರಿಂದ ಅದನ್ನೂ ಕೊಡಲಾಗದೆಂದಿದ್ದಾನೆ. ‘ಸ್ವ’ಶಬ್ದಕ್ಕೆ ತಾನು, ತನ್ನವನು, ಬಂಧು, ಧನ ಎಂಬ ನಾಲ್ಕು ಅರ್ಥಗಳನ್ನು ಕೋಶಕಾರರು ಹೇಳುತ್ತಾರೆ. ಇವುಗಳಲ್ಲಿ ಧನವೊಂದರ ವಿಷಯದಲ್ಲಿಯೇ ಕೊಡುವ, ಮಾರುವ, ಬಿಡುವ ಅಧಿಕಾರವಿದೆ. ಉಳಿದ ಅರ್ಥಗಳಲ್ಲಿ ‘ನನ್ನ’ ಎಂಬುದು ಸಂಬಂಧವನ್ನು ಹೇಳುತ್ತದೆಯೇ ಹೊರತು ಅಧಿಕಾರವನ್ನು ಹೇಳುವುದಿಲ್ಲ. ಕರ್ಮಠರಾದ ಮೀಮಾಂಸಕರೇ ಈ ಭೇದವನ್ನು ಇಷ್ಟು ಸ್ಪಷ್ಟವಾಗಿ ಕಂಡಿರುವಾಗ ಅಧ್ಯಾತ್ಮದಲ್ಲಿ ಅದನ್ನು ಕಾಣದಿರುವುದು ಸರಿಯಲ್ಲ. ಗುರುವಿನ ‘ನನ್ನವನು’ ಎಂಬ ಮಾತು ಆತ್ಮೀಯವಾಚಕ, ಧನವಾಚಕವಲ್ಲ.

ಉಪನಿಷತ್ತುಗಳ ಆಚಾರ್ಯನಲ್ಲಿಯೂ ಇದೇ ರೀತಿಯು ತೋರುತ್ತದೆ. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ಆಚಾರ್ಯನು ನೀರು ತಗ್ಗಿಗೆ ಹರಿದುಬರುವಂತೆ ಬ್ರಹ್ಮಚಾರಿಗಳು ತನ್ನೆಡೆಗೆ ಬರಲೆಂದು ಪ್ರಾರ್ಥಿಸುತ್ತಾನೆ. ಶಿಷ್ಯನಿಗಾಗಿ ಗುರುವು ಹಂಬಲಿಸುವ ಆ ಮಾತಿನಲ್ಲಿ ಮಮತೆಯು ಮುಚ್ಚುಮರೆಯಿಲ್ಲದೆ ವ್ಯಕ್ತವಾಗಿದೆ. ಅದೇ ವಲ್ಲಿಯಲ್ಲಿ ಅಧ್ಯಯನವು ಮುಗಿದ ಮೇಲೆ ಶಿಷ್ಯನನ್ನು ಬೀಳ್ಕೊಡುವಾಗ, ತಮ್ಮ ನಡತೆಗಳಲ್ಲಿ ಒಳ್ಳೆಯವನ್ನು ಮಾತ್ರ ಅನುಸರಿಸಬೇಕು, ಇತರವನ್ನು ಅನುಸರಿಸಕೂಡದು ಎಂದು ಹೇಳಲಾಗಿದೆ. ತನ್ನ ಶಿಷ್ಯನ ಕೈಗೆ ತನ್ನನ್ನೇ ಅಳೆಯುವ ಅಳತೆಗೋಲನ್ನು ಕೊಟ್ಟು ಕಳುಹಿಸುವವನು ಸೊತ್ತಿನ ಯಜಮಾನನಾಗಲಾರನು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿಯೂ ಹೇಳಬೇಕಾದುದೆಲ್ಲವನ್ನೂ ಹೇಳಿದ ಭಗವಂತನು, ಇದನ್ನು ಪೂರ್ಣವಾಗಿ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದು ಅರ್ಜುನನಿಗೆ ಹೇಳುತ್ತಾನೆ. ಕರೆಯುವಾಗ ಹಂಬಲ, ಕಳುಹಿಸುವಾಗ ಸ್ವಾತಂತ್ರ್ಯ: ಈ ಎರಡೂ ಕೂಡಿದಲ್ಲಿಯೇ ಗುರುತ್ವವು ಪೂರ್ಣವಾಗುತ್ತದೆ.

ಇನ್ನು ತನುವಿನ ಅರ್ಪಣೆಯ ಮಾತು. ಅರ್ಪಿತವಾದುದು ವೀರಶೈವದಲ್ಲಿ ಅರ್ಪಿತವಾಗಿಯೇ ನಿಲ್ಲುವುದಿಲ್ಲ; ಪ್ರಸಾದವಾಗಿ ಹಿಂದಿರುಗುತ್ತದೆ. ಷಟ್ಸ್ಥಲಗಳಲ್ಲಿ ಭಕ್ತ, ಮಾಹೇಶ್ವರಗಳ ಮೇಲೆ ಮೂರನೆಯದಾಗಿ ಪ್ರಸಾದಿಸ್ಥಲವನ್ನು ಇಟ್ಟಿರುವುದು ಇದಕ್ಕಾಗಿಯೇ. ಶಿಷ್ಯನು ತನುವನ್ನು ಗುರುವಿಗೆ ಒಪ್ಪಿಸುತ್ತಾನೆ. ಗುರುವು ಅದನ್ನು ಶುದ್ಧಗೊಳಿಸಿ ಶಿಷ್ಯನಿಗೇ ಹಿಂದಕ್ಕೆ ಕೊಡುತ್ತಾನೆ. ದೀಕ್ಷೆಯಲ್ಲಿ ಇದಕ್ಕಿಂತಲೂ ಹಿರಿದಾದ ಒಂದು ಕ್ರಿಯೆಯು ನಡೆಯುತ್ತದೆ. ಗುರುವು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕೊಡುತ್ತಾನೆ. ಅಂದಿನಿಂದ ಅದರ ಪೂಜೆಯು ಶಿಷ್ಯನದೇ, ನಡುವೆ ಮತ್ತೊಬ್ಬರ ಕೈಯಿಲ್ಲ. ಕೊಡುವವನ ಸ್ವತ್ವವು ತೊಲಗಿ ಕೊಳ್ಳುವವನ ಸ್ವತ್ವವು ಹುಟ್ಟುವುದೇ ದಾನವೆಂದು ಶಾಸ್ತ್ರಕಾರರ ಮತ. ದೇವರನ್ನೇ ಶಿಷ್ಯನ ಅಂಗೈಗೆ ದಾನಮಾಡಿದ ಗುರುವು ಆ ಶಿಷ್ಯನ ಮೇಲೆ ಯಾವ ಸೊತ್ತಿನ ಹಕ್ಕನ್ನು ಉಳಿಸಿಕೊಂಡಾನು? ಹಾಗಿದ್ದರೂ ಅವನು ‘ನನ್ನವನು’ ಎನ್ನುವುದನ್ನು ಬಿಡುವುದಿಲ್ಲ. ಹಕ್ಕು ಹೋದ ಮೇಲೆಯೂ ಉಳಿಯುವ ಈ ‘ನನ್ನ’ತನವೇ ನಿಸ್ಸ್ವಾರ್ಥವಾದ ಒಡೆತನ, ಅದರಲ್ಲಿ ಉಳಿದಿರುವುದು ಹೊಣೆಯೊಂದೇ.

ಶಾಸ್ತ್ರದಿಂದ ಸಿದ್ಧವಾದ ಈ ಅರ್ಥವು ಸಾಹಿತ್ಯದಲ್ಲಿ ತೋರದಿದ್ದರೆ ಅದು ಪಂಡಿತರ ಜಾಣ್ಮೆಯಾಗಿ ಮಾತ್ರ ಉಳಿಯುವುದು. ಆದುದರಿಂದ ಅಂಕಿತಗಳನ್ನು ನೋಡಬೇಕು. ವಚನಕಾರನಿಗೆ ಅಂಕಿತವು ಮುದ್ರೆಯುಂಗುರವಿದ್ದಂತೆ. ಮಾತು ಯಾರದೆಂಬುದನ್ನೂ, ಯಾರಿಗೆ ಸಂದದ್ದೆಂಬುದನ್ನೂ ಅದು ತಿಳಿಸುತ್ತದೆ. ಗುರುವಿಗೆ ಶಿಷ್ಯರ ಮೇಲೆ ಸೊತ್ತಿನ ಅಧಿಕಾರವಿದ್ದಿದ್ದರೆ ಅದು ಮೊದಲು ತೋರಬೇಕಾದುದು ಇಲ್ಲಿಯೇ: ಶಿಷ್ಯರೆಲ್ಲರೂ ಗುರುವಿನ ಮುದ್ರೆಯನ್ನೇ ಒತ್ತಬೇಕಾಗಿತ್ತು.

ಮೊದಲನೆಯದಾಗಿ ಗುರುವಿನ ಅಂಕಿತ. ಸಿದ್ಧಲಿಂಗಯತಿಗಳ ಷಟ್ಸ್ಥಲಜ್ಞಾನಸಾರಾಮೃತದಲ್ಲಿ ೭೦೧ ವಚನಗಳಿವೆ. ಅವುಗಳ ಅಂಕಿತವು ‘ಮಹಾಲಿಂಗಗುರು ಶಿವಸಿದ್ಧೇಶ್ವರಪ್ರಭು’ ಎಂಬುದು. ವಿರಕ್ತರ ಸಂಖ್ಯೆಯೂ ವಚನಗಳ ಸಂಖ್ಯೆಯೂ ಒಂದೇ ಆಗಿರುವುದನ್ನು ಲಕ್ಷಿಸಿದರೆ, ಈ ಗ್ರಂಥವು ಶಿಷ್ಯರನ್ನು ಮುಂದಿಟ್ಟುಕೊಂಡೇ ಸ್ಥಲಕ್ರಮದಿಂದ ಹವಣಿಸಲ್ಪಟ್ಟ ಬೋಧಗ್ರಂಥವೆಂಬ ಭಾವನೆಗೆ ಅವಕಾಶವಿದೆ. ಏಳುನೂರು ಮಂದಿಗೆ ಗುರುವಾಗಿದ್ದವರು ತಮ್ಮ ಅಂಕಿತದಲ್ಲಿ ‘ಗುರು’ ಎಂಬ ಶಬ್ದವನ್ನು ಇಟ್ಟುಕೊಂಡಿದ್ದಾರೆ. ಆದರೆ ಅದು ತಮಗೆ ಹೇಳಿಕೊಂಡ ಮಾತಲ್ಲ, ಎದುರಿಗಿರುವವನನ್ನು ಕರೆಯುವ ಮಾತು. ಪ್ರತಿಯೊಂದು ವಚನದ ಕೊನೆಯಲ್ಲಿಯೂ ಬೋಧಕನು ಮತ್ತೆ ಶಿಷ್ಯನ ಸ್ಥಾನಕ್ಕೆ ಇಳಿಯುತ್ತಾನೆ. ಒಡೆಯನಿಗೂ ಒಡೆಯನೊಬ್ಬನುಂಟೆಂಬುದನ್ನು ೭೦೧ ಸಲ ನೆನೆದುಕೊಂಡವನಿಗೆ ಅಹಂಕಾರದ ಒಡೆತನವು ಸುಲಭವಾಗಿ ಅಂಟಲಾರದು.

ಎರಡನೆಯದಾಗಿ ಘನಲಿಂಗಿದೇವನ ಅಂಕಿತ. ಸಿದ್ಧಲಿಂಗಯತಿಗಳ ಶಿಷ್ಯರಲ್ಲಿ ಭಾವತೀವ್ರತೆಗೆ ಹೆಸರಾದ ಈತನು ಶರಣನು ಸತಿ, ಲಿಂಗವು ಪತಿ ಎಂಬ ಭಾವವನ್ನು ವಿಶೇಷವಾಗಿ ಬೆಳೆಸಿದವನು. ಈತನ ಅಂಕಿತವು ‘ಘನಲಿಂಗಿಯ ಮೋಹದ ಚೆನ್ನಮಲ್ಲಿಕಾರ್ಜುನ’ ಎಂಬುದು. ಇದರಲ್ಲಿ ಗುರುವಿನ ಹೆಸರೇ ಇಲ್ಲ. ಇರುವುದು ಶಿಷ್ಯನ ಹೆಸರು, ಅವನ ಮೋಹ, ಮತ್ತು ಅಕ್ಕಮಹಾದೇವಿಯ ದೈವ. ಕಗ್ಗೆರೆಯ ಗುರುವಿನ ಶಿಷ್ಯನೊಬ್ಬನು ಗುರುವಿನ ಮುದ್ರೆಯನ್ನು ದಾಟಿ ಹನ್ನೆರಡನೆಯ ಶತಮಾನದ ಶರಣೆಯೊಬ್ಬಳ ಕಡೆಗೆ ಕೈಚಾಚಿದನು. ಗುರುವಿನ ಪರಂಪರೆಯು ಅದನ್ನು ಅವನ ವಚನಗಳೊಡನೆ ಆದರದಿಂದ ಕಾಪಾಡಿತು. ಷಷ್ಠೀವಿಭಕ್ತಿಯ ಸರಣಿಯನ್ನೂ ನೋಡಬೇಕು: ಘನಲಿಂಗಿಯ ಮೋಹ, ಆ ಮೋಹದ ಮಲ್ಲಿಕಾರ್ಜುನ. ಇಲ್ಲಿ ಒಡೆತನವು ತಲೆಕೆಳಗಾಗಿದೆ. ದೇವರೇ ಭಕ್ತನ ಪ್ರೀತಿಗೆ ಸೇರಿದವನು. ವೇದಾಂತಿಗಳು ಬಿಡಬೇಕೆನ್ನುವ ಮೋಹವೆಂಬ ಶಬ್ದವನ್ನು ಬಿಡದೆ, ಅದಕ್ಕೆ ಯೋಗ್ಯವಾದ ವಿಷಯವನ್ನು ಕೊಟ್ಟು ಉಳಿಸಿಕೊಂಡಿರುವುದು ಈ ಅಂಕಿತದ ವೈಶಿಷ್ಟ್ಯ. ಶಿಷ್ಯನ ಸ್ವಭಾವವನ್ನು ಅಳಿಸದೆ ತಿರುಗಿಸಿದ ಗುರುವಿನ ಕೈವಾಡವು, ಗುರುವಿನ ಹೆಸರಿಲ್ಲದ ಕಡೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯದಾಗಿ ಕಾಪನಹಳ್ಳಿಯ ಗವಿಮಠದ ಸ್ವತಂತ್ರ ಸಿದ್ಧಲಿಂಗೇಶ್ವರರ ಅಂಕಿತ: ‘ನಿಜಗುರು ಸ್ವತಂತ್ರಸಿದ್ಧಲಿಂಗೇಶ್ವರ’. ಜಂಗಮರಗಳೆ, ಮುಕ್ತ್ಯಂಗನಾಕಂಠಮಾಲೆಗಳನ್ನು ರಚಿಸಿದ ಈ ಶಿಷ್ಯರ ಹೆಸರಿನಲ್ಲಿ ಗುರುವಿನ ಹೆಸರೇ ಸೇರಿದೆ. ಆದರೆ ಅದಕ್ಕೆ ಮೊದಲು ‘ಸ್ವತಂತ್ರ’ ಎಂಬ ವಿಶೇಷಣವು ಬಂದಿದೆ. ಈ ಅಂಕಿತವು ಗುರುವಿನದೋ, ಶಿಷ್ಯನದೋ, ಇಬ್ಬರಿಗೂ ನಿಜಗುರುವಾದ ಪರಶಿವನದೋ ಎಂದು ಬಿಡಿಸಿ ಹೇಳುವುದು ಕಷ್ಟ. ಹಾಗೆ ಬಿಡಿಸಲಾಗದಿರುವುದೇ ಅದರ ಸ್ವಾರಸ್ಯ. ವೈಯಾಕರಣರ ಮತದಲ್ಲಿ ಸ್ವತಂತ್ರನೆಂದರೆ ಕರ್ತೃ. ಕ್ರಿಯೆಯಲ್ಲಿ ಇತರ ಕಾರಕಗಳು ಯಾರಿಗೆ ಅಧೀನವೋ ಅವನು. ಗುರುವಿನ ನಾಮವನ್ನು ಧರಿಸಿಯೂ ಶಿಷ್ಯನು ಕರಣವಾಗಲಿಲ್ಲ, ಕರ್ಮವಾಗಲಿಲ್ಲ; ಕರ್ತೃವಾಗಿಯೇ ಉಳಿದನು. ಸೊತ್ತಿಗೆ ಸ್ವಾತಂತ್ರ್ಯವಿಲ್ಲ. ಸ್ವತಂತ್ರನೆಂಬ ಹೆಸರಿನಿಂದ ಶಿಷ್ಯನನ್ನು ಗುರುತಿಸಿದ ಪರಂಪರೆಯು ಅವನನ್ನು ಸೊತ್ತೆಂದು ಬಗೆದಿರಲಾರದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಮುಕ್ತಾಯಕ್ಕನ ವಚನಗಳಲ್ಲಿ ಅಂಕಿತವು ಅಜಗಣ್ಣನ ಹೆಸರಿನಲ್ಲಿದೆ. ಆತನು ಅವಳಿಗೆ ಅಣ್ಣ, ಗುರುವೂ ಹೌದು. ಅಲ್ಲಿ ಶಿಷ್ಯೆಯ ಹೆಸರು ಗುರುವಿನ ಹೆಸರಿನಲ್ಲಿ ಮುಳುಗಿತಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಂಕಿತದಲ್ಲಿ ಹೆಸರು ಯಾರದೆಂಬುದೊಂದರಿಂದಲೇ ಒಡೆತನದ ನಿರ್ಣಯವಾಗದೆಂದು ಇದರಿಂದ ಒಪ್ಪಬೇಕಾಗುತ್ತದೆ. ಆದರೆ ಶೂನ್ಯಸಂಪಾದನೆಯಲ್ಲಿ ಅಜಗಣ್ಣನ ಅಗಲಿಕೆಯ ದುಃಖದಲ್ಲಿರುವ ಮುಕ್ತಾಯಕ್ಕನು ಅಲ್ಲಮಪ್ರಭುವಿನ ಮಾತನ್ನು ಕೇಳಿದ ಕೂಡಲೆ ಒಪ್ಪಿಕೊಳ್ಳುವುದಿಲ್ಲ. ಪ್ರಶ್ನೆಗೆ ಪ್ರಶ್ನೆಯನ್ನು ಹೂಡಿ ವಾದಿಸುತ್ತಾಳೆ. ಗುರುವಿನ ಹೆಸರನ್ನು ಹೊತ್ತಿದ್ದರೂ ಅವಳ ನಾಲಗೆ ಅವಳದೇ. ಆದುದರಿಂದ ಪರೀಕ್ಷೆಯು ಎರಡಂಚಿನದಾಗಬೇಕು: ಅಂಕಿತದಲ್ಲಿ ಯಾರ ಹೆಸರಿದೆಯೆಂಬುದು ಒಂದು, ಅಂಕಿತಕ್ಕೆ ಮೊದಲು ಬರುವ ಮಾತಿನಲ್ಲಿ ಯಾರ ಧ್ವನಿಯಿದೆಯೆಂಬುದು ಇನ್ನೊಂದು. ಕಗ್ಗೆರೆಯ ಶಿಷ್ಯರು ಈ ಎರಡರಲ್ಲಿಯೂ ಉತ್ತೀರ್ಣರಾಗುತ್ತಾರೆ. ಮುಕ್ತಾಯಕ್ಕನು ಎರಡನೆಯದರಲ್ಲಿ ಅವರಿಗಿಂತಲೂ ಮುಂದಿದ್ದಾಳೆ. ಈ ಸಂವಾದಗಳನ್ನೊಳಗೊಂಡ ಶೂನ್ಯಸಂಪಾದನೆಯನ್ನು ಮತ್ತೆ ಪರಿಷ್ಕರಿಸಿ ಬೆಳೆಸಿದವರು ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರ ಸಿದ್ಧವೀರಣೊಡೆಯರು. ಇಬ್ಬರೂ ತೋಂಟದ ಸಿದ್ಧಲಿಂಗಯತಿಗಳ ಪರಂಪರೆಯವರೇ. ಗುರುವಿನೊಡನೆ ವಾದಿಸುವ ಶಿಷ್ಯರ ಕಥೆಯನ್ನು ಈ ಪರಂಪರೆಯು ತನ್ನ ಮುಖ್ಯಗ್ರಂಥವನ್ನಾಗಿ ಆರಿಸಿಕೊಂಡಿತೆಂಬುದು ಅಲ್ಪವಾದ ಸಂಗತಿಯಲ್ಲ.

ಹೊಣೆಯು ಉಳಿದು ಹಕ್ಕು ಹೋಗುವ ಈ ಒಡೆತನಕ್ಕೆ ಆಧಾರವಾದ ಪ್ರೀತಿಯು ಎಂತಹುದು? ಆಲಂಕಾರಿಕರಲ್ಲಿ ಮಮ್ಮಟನು ದೇವ, ಗುರು ಮೊದಲಾದವರ ವಿಷಯದ ರತಿಯನ್ನು ರಸವೆನ್ನದೆ ಭಾವವೆಂದನು. ವಿಶ್ವನಾಥನು ವತ್ಸಲವನ್ನು ರಸವೆಂದು ಅಂಗೀಕರಿಸಿದನು. ಈ ವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ರಸಪ್ರಕ್ರಿಯೆಯ ಒಂದು ತತ್ತ್ವವು ಇಲ್ಲಿ ಉಪಯುಕ್ತವಾಗುತ್ತದೆ. ಅದು ಸಾಧಾರಣೀಕರಣ. ರಂಗದ ಮೇಲಿನ ಭಾವವು ಸಹೃದಯನಿಗೆ ‘ಇದು ನನ್ನದು’ ಎಂದಾಗಲಿ, ‘ಇದು ಪರನದು’ ಎಂದಾಗಲಿ, ‘ನನ್ನದಲ್ಲ’ ಎಂದಾಗಲಿ ತೋರದೆ, ಆದರೂ ಅತ್ಯಂತ ಹತ್ತಿರವಾಗಿ ಅನುಭವಕ್ಕೆ ಬರುತ್ತದೆ. ಈ ಪ್ರಮೇಯವನ್ನು ಆಧುನಿಕ ಕನ್ನಡದಲ್ಲಿ ವಿಶದವಾಗಿ ತಿಳಿಸಿದ ಗ್ರಂಥವು ೧೯೫೩ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’. ಅದರ ಕರ್ತೃಗಳಾದ ತೀ. ನಂ. ಶ್ರೀಕಂಠಯ್ಯನವರು (೧೯೦೬–೧೯೬೬) ಇದೇ ತೆಂಗಿನ ಸೀಮೆಯ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಸಹೃದಯನಿಗೆ ಕಾವ್ಯದಲ್ಲಿ ಕ್ಷಣಕಾಲ ದೊರೆಯುವ ಈ ಸ್ಥಿತಿಯನ್ನು ಗುರುವು ಬಾಳಿನಲ್ಲಿ ನೆಲೆಗೊಳಿಸಿಕೊಂಡಿರಬೇಕು. ಶಿಷ್ಯನ ಸೋಲು ಅವನಿಗೆ ನೋವನ್ನು ಕೊಡುತ್ತದೆ. ಆದರೆ ‘ನನ್ನ ಹೆಸರು ಕೆಟ್ಟಿತು’ ಎಂಬ ನೋವಲ್ಲ. ಶಿಷ್ಯನ ಗೆಲವು ಅವನಿಗೆ ನಲಿವನ್ನು ಕೊಡುತ್ತದೆ. ಆದರೆ ‘ನನ್ನಿಂದಾಯಿತು’ ಎಂಬ ನಲಿವಲ್ಲ.

ಈ ಪ್ರೀತಿಯು ಯಾವಾಗಲೂ ಮೃದುವಾಗಿರಬೇಕೆಂಬ ನಿಯಮವಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಸೊನ್ನಲಿಗೆಗೆ ಹೋಗಿ, ಕೆರೆಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಒಡ್ಡನೆಂದು ಜರೆಯುತ್ತಾನೆ. ಜರೆದು ಹೊರಟುಹೋಗಿದ್ದರೆ ಅದು ಬರಿಯ ನಿಂದೆಯಾಗುತ್ತಿತ್ತು; ಹೋಗದೆ ನಿಂತು, ಅವನ ಕೋಪವನ್ನು ಸಹಿಸಿ, ಅವನನ್ನು ಕಲ್ಯಾಣದವರೆಗೆ ಕರೆತಂದುದರಿಂದ ಅದು ಕಾರುಣ್ಯವಾಯಿತು. ಅಲ್ಲಮನು ಒಡೆದುದು ಕೆರೆಯನ್ನಲ್ಲ, ಕೆರೆಯ ಮೇಲಿದ್ದ ‘ನಾನು ಮಾಡಿದೆನು’ ಎಂಬ ಭಾವವನ್ನು.

ತಿಪಟೂರಿನ ಸೀಮೆಯವರಿಗೆ ಇದನ್ನು ತಿಳಿಸಲು ದೂರದ ದೃಷ್ಟಾಂತವು ಬೇಡ. ಬಲಿತ ಕಾಯನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಇಡುತ್ತಾರೆ. ಹಸಿಯಾಗಿರುವಾಗ ತಿರುಳು ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಆಗ ಬೇರ್ಪಡಿಸಹೋದರೆ ಚೂರಾಗುವುದಲ್ಲದೆ ಇಡಿಯಾಗಿ ಬರುವುದಿಲ್ಲ. ಕಾಲಕ್ರಮದಲ್ಲಿ ನೀರು ಇಂಗುತ್ತದೆ; ತಿರುಳು ತಾನಾಗಿಯೇ ಚಿಪ್ಪನ್ನು ಬಿಟ್ಟು ಒಳಗೆ ಉಂಡೆಯಾಗಿ ಅಲುಗುತ್ತದೆ. ಆಮೇಲೆ ಒಡೆದರೆ ಉಂಡೆಕೊಬ್ಬರಿಯು ಇಡಿಯಾಗಿ ಕೈಗೆ ಬರುತ್ತದೆ. ಅಷ್ಟು ಕಾಲವೂ ಚಿಪ್ಪು ತಿರುಳನ್ನು ಕಾಯುತ್ತದೆ. ಹದ ಬಂದಾಗ ಹಿಡಿಯದೆ ಬಿಡುತ್ತದೆ. ಇಂಗಿದುದು ನೀರು, ಉಳಿದುದು ಎಣ್ಣೆಯ ಅಂಶ. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಅಂಟಿಸುವ ನೀರು ಒಣಗಿ ಸ್ನೇಹವು ಉಳಿಯುವುದೆಂಬ ಮಾತು ಗುರುಶಿಷ್ಯರ ವಿಷಯದಲ್ಲಿಯೂ ಅಕ್ಷರಶಃ ಸಲ್ಲುತ್ತದೆ. ಹದವರಿಯದೆ ಬೇಗನೆ ಒಡೆಯುವ ಗುರುವೂ ತಪ್ಪಿದವನೇ, ಹದ ಮೀರಿದ ಮೇಲೆಯೂ ಒಡೆಯಗೊಡದ ಗುರುವೂ ತಪ್ಪಿದವನೇ.

ಈ ಎರಡನೆಯ ತಪ್ಪು ಲೋಕದಲ್ಲಿ ವಿರಳವಲ್ಲವೆಂಬುದನ್ನು ಮರೆಯಲಾಗದು. ಶಿಷ್ಯನ ತನುಮನಧನಗಳನ್ನು ನಿಜವಾಗಿಯೂ ಸೊತ್ತೆಂದು ಬಗೆದವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಧನಕ್ಕಾಗಿ ದೀಕ್ಷೆ ಕೊಡುವವರನ್ನು ವಚನಕಾರರೇ ಖಂಡಿಸಿದ್ದಾರೆ. ಅಂತಹವರಿಗೆ ಮೇಲ್ಕಂಡ ಅರ್ಥವು ಹೊದಿಕೆಯಾಗಬಾರದು. ಗುರುವಿನ ‘ನನ್ನವನು’ ಎಂಬ ಮಾತು ಪ್ರೀತಿಯದೋ ಆಶೆಯದೋ ಎಂದು ಸಂಶಯ ಬಂದಾಗ ಗುರುವನ್ನು ಕೇಳಿ ಪ್ರಯೋಜನವಿಲ್ಲ. ಶಿಷ್ಯನಿಗೆ ತನ್ನದಾದ ಧ್ವನಿ ಬಂದಿತೇ ಇಲ್ಲವೇ ಎಂದು ನೋಡಬೇಕು. ಈ ದೃಷ್ಟಿಯಿಂದ ಸಿದ್ಧಲಿಂಗಯತಿಗಳ ಮೇಲೆ ಹುಟ್ಟಿದ ಪುರಾಣಗಳ ಮೌಲ್ಯವನ್ನೂ ಪುನಃ ತೂಗಬೇಕಾಗಿದೆ. ವಿರಕ್ತ ತೋಂಟದಾರ್ಯ, ಶಾಂತೇಶ ಮೊದಲಾದವರ ಪುರಾಣಗಳು ಭಕ್ತಿಯ ದೃಷ್ಟಿಯಿಂದ ಆದರಣೀಯವಾದರೂ, ಪವಾಡವನ್ನು ಪ್ರಧಾನವಾಗಿ ಹೇಳುವ ಪುರಾಣರೀತಿಯಲ್ಲಿ ಗುರುವಿನ ಮಹಿಮೆಯು ಬೆಳೆದಷ್ಟೂ ಶಿಷ್ಯರು ಪರಿವಾರವಾಗಿ ಕುಗ್ಗುವ ಅಪಾಯವಿದೆ. ವಚನಗಳಲ್ಲಿ ಅದೇ ಶಿಷ್ಯರು ಒಬ್ಬೊಬ್ಬರಾಗಿ, ಬೇರೆ ಬೇರೆ ಹೆಸರು, ಬೇರೆ ಬೇರೆ ಮಾತುಗಳೊಡನೆ ನಿಂತಿದ್ದಾರೆ. ಗುರುವಿನ ಮಹಿಮೆಗೆ ಪುರಾಣವು ತೋರಿಸುವ ಸಾಕ್ಷಿಗಿಂತ ಈ ಸಾಕ್ಷಿಯೇ ಬಲವತ್ತರವಾದುದು. ಸಿದ್ಧಲಿಂಗಯತಿಗಳ ವಿಷಯವನ್ನು ಬೋಧಿಸುವ ಉಪಾಧ್ಯಾಯರು ಪುರಾಣದ ಕಥೆಯನ್ನು ಹೇಳಿ ನಿಲ್ಲಿಸದೆ, ಘನಲಿಂಗಿದೇವ, ಸ್ವತಂತ್ರ ಸಿದ್ಧಲಿಂಗೇಶ್ವರರ ವಚನಗಳನ್ನೂ ಜೊತೆಯಲ್ಲಿಟ್ಟು ಓದಿಸುವುದು ಯುಕ್ತ.

ನೆಟ್ಟ ತೆಂಗಿನ ಸಸಿಯು ಫಲಕ್ಕೆ ಬರಲು ಆರೇಳು ವರ್ಷಗಳಾದರೂ ಬೇಕು. ಮುಪ್ಪಿನಲ್ಲಿ ಸಸಿಯನ್ನು ನೆಡುವ ಗೃಹಸ್ಥನು ತಾನು ಅದರ ಕಾಯನ್ನು ಕಾಣುವೆನೋ ಇಲ್ಲವೋ ಎಂದು ಎಣಿಸುವುದಿಲ್ಲ. ಆದರೂ ಆ ಸಸಿಯನ್ನು ತನ್ನದೆಂದೇ ತಿಳಿದು ಬೇಸಗೆಯಲ್ಲಿ ನೀರು ಹೊರುತ್ತಾನೆ. ತನ್ನದೆಂಬ ಭಾವವಿಲ್ಲದಿದ್ದರೆ ಅವನು ನೀರು ಹೊರುತ್ತಿರಲಿಲ್ಲ. ತನಗೆಂಬ ಭಾವವಿದ್ದಿದ್ದರೆ ಸಸಿಯನ್ನೇ ನೆಡುತ್ತಿರಲಿಲ್ಲ. ‘ತನ್ನದು’ ಎಂಬುದಕ್ಕೂ ‘ತನಗೆ’ ಎಂಬುದಕ್ಕೂ ಇರುವ ಈ ವಿಭಕ್ತಿಭೇದದಲ್ಲಿ ಗುರುತ್ವದ ಲಕ್ಷಣವೆಲ್ಲವೂ ಅಡಗಿದೆ. ಕಗ್ಗೆರೆಯ ತೋಟವು ಸಿದ್ಧಲಿಂಗಯತಿಗಳದೆಂದು ಲೋಕವು ಇಂದಿಗೂ ಹೇಳುತ್ತಿರುವುದು ಆ ಮೊದಲನೆಯ ವಿಭಕ್ತ್ಯರ್ಥದಲ್ಲಿಯೇ.